ಗಣಕಯಂತ್ರಕ್ಕೆ ದುಭಾಷಿಯನ್ನಿತ್ತ ಗ್ರೇಸ್ ಹಾಪರ್

ಇಂದು ಮೊಬೈಲ್ ಫೋನು ನಮಗೆ ಹತ್ತಾರು ಕೆಲಸಗಳನ್ನು ಮಾಡಿಕೊಡುತ್ತದೆ. ಅದು ದಾರಿ ತೋರಿಸುತ್ತದೆ. ಹಣ ಸಂದಾಯ ಮಾಡುತ್ತದೆ. ರೈಲಿನ ವೇಳೆಯನ್ನು ತಿಳಿಸುತ್ತದೆ. ಇಂಥ ಒಂದೊಂದು ಕೆಲಸಕ್ಕೂ ಅದರಲ್ಲಿ ಒಂದೊಂದು ಆ್ಯಪ್ ಇರುತ್ತದೆ. ಆ್ಯಪ್ ಎಂದರೆ ಯಂತ್ರವು ಕ್ರಮವಾಗಿ ನಡೆಸಬೇಕಾದ ಆದೇಶಗಳ ಸರಣಿ, ಅರ್ಥಾತ್ ಪ್ರೋಗ್ರಾಂ. ಯಂತ್ರವು ಬಲ್ಲುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಭಾಷೆಯನ್ನು. ಆದರೆ ಆ್ಯಪ್ ರಚಿಸುವವರು ಮನುಷ್ಯರು ಓದಿ ತಿಳಿಯಬಲ್ಲ ಪದಗಳಲ್ಲಿ ಆದೇಶಗಳನ್ನು ಬರೆಯುತ್ತಾರೆ. ಇವೆರಡರ ನಡುವೆ ದುಭಾಷಿಯಂತೆ ನಿಂತು, ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಈ ಸಾಧನಕ್ಕೆ ಅಡಿಗಲ್ಲನ್ನಿಟ್ಟವರಲ್ಲಿ ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್ ಅಗ್ರಗಣ್ಯರು.

ಗ್ರೇಸ್ 1906ನೆಯ ಇಸವಿ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬಾಲ್ಯದಿಂದಲೂ ಅವರದು ಕುತೂಹಲದ ಸ್ವಭಾವ. ಏಳು ವರ್ಷದ ಹುಡುಗಿಯಾಗಿದ್ದಾಗ, ಅಲಾರಂ ಗಡಿಯಾರವು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಒಂದನ್ನು ಬಿಚ್ಚಿದರು. ಅದನ್ನು ಮರಳಿ ಜೋಡಿಸಲಾಗದೆ ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಡಿಭಾಗಗಳಾಗಿ ಹರಡಿಬಿದ್ದವು. ತಾಯಿ ಮಗಳನ್ನು ದಂಡಿಸಲಿಲ್ಲ. ಇನ್ನು ಮೇಲೆ ಒಂದೇ ಗಡಿಯಾರವನ್ನು ಬಿಚ್ಚಬಹುದೆಂದು ಕಟ್ಟುಮಾಡಿದರು.

ಗಂಡುಮಕ್ಕಳಿಗೆ ದೊರೆಯುವ ಶಿಕ್ಷಣವು ಹೆಣ್ಣುಮಕ್ಕಳಿಗೂ ದೊರೆಯಬೇಕೆಂಬುದು ತಂದೆಯ ಆಶಯವಾಗಿತ್ತು. ಅದಕ್ಕೆ ತಕ್ಕಂತೆ ಗ್ರೇಸ್ 1928ರಲ್ಲಿ ವಾಸರ್ ಕಾಲೇಜಿನಿಂದ ಪದವಿಯನ್ನೂ, 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಪಡೆದರು. ವಾಸರ್ ಕಾಲೇಜಿನಲ್ಲಿಯೇ ಅಧ್ಯಾಪಕಿಯಾಗಿದ್ದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಒದಗಿತು. ಗ್ರೇಸ್ ನೌಕಾಪಡೆಯನ್ನು ಸೇರಬಯಸಿದರು. ಅವರ ವಯಸ್ಸು ಹೆಚ್ಚು, ದೇಹದ ತೂಕ ಕಡಿಮೆ ಎಂಬ ಆಕ್ಷೇಪಗಳು ಬಂದವು. ಆದರೂ ಹಿಡಿದ ಹಟವನ್ನು ಬಿಡದೆ ವಿಶೇಷ ಅನುಮತಿ ಪಡೆದು 1943ರಲ್ಲಿ ಮೀಸಲು ನೌಕಾಪಡೆಗೆ ಸೇರಿದರು. 1944ರಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲಾಯಿತು. ಅಲ್ಲಿ ಮಾರ್ಕ್ 1 ಎಂಬ, 51 ಅಡಿ ಉದ್ದದ ಬೃಹತ್ ಗಣಕಯಂತ್ರವಿತ್ತು. ಕಾಗದದ ಪಟ್ಟಿಯಲ್ಲಿ ರಂಧ್ರಗಳನ್ನು ಕೊರೆದು ಅದಕ್ಕೆ ಆದೇಶ ನೀಡಬೇಕಾಗಿತ್ತು. ಒಂದು ರಂಧ್ರ ತಪ್ಪಿದರೂ ಲೆಕ್ಕವೆಲ್ಲ ಕೆಡುತ್ತಿತ್ತು.

1947ರಲ್ಲಿ ಅಲ್ಲಿಯ ಮಾರ್ಕ್ 2 ಎಂಬ ಇನ್ನೊಂದು ಯಂತ್ರವು ಕೆಟ್ಟಿತು. ಹುಡುಕಿದಾಗ ಅದರೊಳಗೆ ಒಂದು ಪತಂಗ ಸಿಕ್ಕಿಕೊಂಡಿತ್ತು. ಕೆಲಸಗಾರರು ಅದನ್ನು ತೆಗೆದು ದಿನಚರಿ ಪುಸ್ತಕದಲ್ಲಿ ಅಂಟಿಸಿದರು. ಯಂತ್ರದ ದೋಷವನ್ನು ಬಗ್, ಅಂದರೆ ಕೀಟ, ಎಂದು ಕರೆಯುವ ರೂಢಿ ಮೊದಲೇ ಇತ್ತು. ನಿಜವಾದ ಕೀಟವೇ ಸಿಕ್ಕಿದ ಈ ಪ್ರಸಂಗವನ್ನು ಗ್ರೇಸ್ ಮುಂದೆ ಅನೇಕ ಸಭೆಗಳಲ್ಲಿ ವಿನೋದದಿಂದ ವರ್ಣಿಸುತ್ತಿದ್ದರು.

ಆದರೆ ದೋಷಗಳಲ್ಲಿ ಹೆಚ್ಚಿನವು ಕೀಟಗಳಿಂದಲ್ಲ, ಮನುಷ್ಯರಿಂದಲೇ ಆಗುತ್ತಿದ್ದವು. ಒಮ್ಮೆ ಸರಿಯಾಗಿ ಬರೆದ ಆದೇಶಗಳನ್ನು ಪ್ರೋಗ್ರಾಂ ರಚಿಸುವವರು ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಇಟ್ಟುಕೊಂಡು, ಬೇಕಾದಾಗ ಕೈಯಿಂದ ನಕಲು ಮಾಡುತ್ತಿದ್ದರು. ನಕಲಿನಲ್ಲಿ 4 ಎಂಬ ಅಂಕಿ ತ್ರಿಕೋನಾಕಾರದ ಚಿಹ್ನೆ ಆಗುತ್ತಿತ್ತು. ಬಿ ಎಂಬ ಇಂಗ್ಲಿಷ್ ಅಕ್ಷರ 13 ಆಗುತ್ತಿತ್ತು. ಎಷ್ಟೇ ಎಚ್ಚರ ವಹಿಸಿದರೂ ಮನುಷ್ಯನು ನಕಲಿನಲ್ಲಿ ತಪ್ಪುತ್ತಾನೆ ಎಂಬುದನ್ನು ಗ್ರೇಸ್ ಕಂಡುಕೊಂಡರು. ಹಾಗಾದರೆ ಆ ಕೆಲಸವನ್ನು ಯಂತ್ರಕ್ಕೇ ಏಕೆ ವಹಿಸಬಾರದು?

1949ರಲ್ಲಿ ಅವರು ಯೂನಿವಾಕ್ ಗಣಕಯಂತ್ರವನ್ನು ನಿರ್ಮಿಸುತ್ತಿದ್ದ ಸಂಸ್ಥೆಯನ್ನು ಸೇರಿದರು. ಪರೀಕ್ಷೆಯಲ್ಲಿ ಗೆದ್ದ ಆದೇಶಗಳ ತುಣುಕುಗಳನ್ನೆಲ್ಲ ಕಾಂತಪಟ್ಟಿಯಲ್ಲಿ ಕೂಡಿಸಿ, ಗ್ರಂಥಾಲಯದ ಪುಸ್ತಕಗಳಂತೆ ಒಂದೊಂದಕ್ಕೂ ಗುರುತು ಕೊಟ್ಟರು. ಗುರುತನ್ನು ಬರೆದರೆ ಸಾಕು. ಯಂತ್ರವೇ ಆ ತುಣುಕನ್ನು ಹುಡುಕಿ, ತಂದು, ಸರಿಯಾದ ಸ್ಥಾನದಲ್ಲಿ ಜೋಡಿಸುತ್ತಿತ್ತು. 1952ರಲ್ಲಿ ಸಿದ್ಧವಾದ ಈ ಸಾಧನಕ್ಕೆ ಅವರು ಕಂಪೈಲರ್ ಎಂದು ಹೆಸರಿಟ್ಟರು. ಇಂದಿನವುಗಳಿಗೆ ಹೋಲಿಸಿದರೆ ಅದು ಸರಳವಾದುದು. ಆದರೂ ಅಂದು ಅದನ್ನು ನಂಬಿದವರು ವಿರಳ. ಗಣಕಯಂತ್ರವು ಲೆಕ್ಕ ಮಾಡಬಲ್ಲುದೇ ಹೊರತು ಪ್ರೋಗ್ರಾಂ ರಚಿಸಲಾರದೆಂದು ಬಲ್ಲವರೇ ವಾದಿಸಿದರು.

ಗ್ರೇಸ್ ಅಷ್ಟಕ್ಕೇ ನಿಲ್ಲಲಿಲ್ಲ. ಗಣಿತದ ಚಿಹ್ನೆಗಳನ್ನರಿಯದ ವ್ಯಾಪಾರಿಗಳೂ ಗುಮಾಸ್ತರೂ ತಮಗೆ ತಿಳಿದ ಪದಗಳಲ್ಲಿಯೇ ಯಂತ್ರಕ್ಕೆ ಆದೇಶ ನೀಡುವಂತಾಗಬೇಕೆಂದು ಅವರು ಬಯಸಿದರು. ಅವರ ತಂಡವು ಇಂಗ್ಲಿಷ್ ಪದಗಳಿಂದ ಕೂಡಿದ ಫ್ಲೋ-ಮ್ಯಾಟಿಕ್ ಎಂಬ ಭಾಷೆಯನ್ನು ರೂಪಿಸಿತು. ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ಆದೇಶ ನೀಡಬಹುದೆಂದು ಗ್ರೇಸ್ ತೋರಿಸಿಕೊಟ್ಟಾಗ ಮೇಲಧಿಕಾರಿಗಳು ಗಾಬರಿಯಾದರು. ಯಂತ್ರಕ್ಕೆ ಪದಗಳೆಲ್ಲವೂ ಸಂಕೇತಗಳೇ ಎಂಬುದು ಅವರಿಗೆ ಹೊಳೆದಿರಲಿಲ್ಲ. 1959ರಲ್ಲಿ ಹಲವು ಸಂಸ್ಥೆಗಳ ತಜ್ಞರು ಸೇರಿ ಕೋಬಾಲ್ ಭಾಷೆಯನ್ನು ರಚಿಸತೊಡಗಿದಾಗ ಫ್ಲೋ-ಮ್ಯಾಟಿಕ್ಕೇ ಅದಕ್ಕೆ ಮುಖ್ಯ ಆಧಾರವಾಯಿತು. ಅನೇಕ ಬ್ಯಾಂಕುಗಳ ವ್ಯವಹಾರವು ಇಂದಿಗೂ ಕೋಬಾಲಿನಲ್ಲಿ ನಡೆಯುತ್ತಿದೆ.

1966ರಲ್ಲಿ ನಿವೃತ್ತರಾದ ಗ್ರೇಸ್ ಅವರನ್ನು ಮರುವರ್ಷವೇ ನೌಕಾಪಡೆಯು ಆರು ತಿಂಗಳ ಮಟ್ಟಿಗೆ ಮರಳಿ ಕರೆಯಿತು. ಆ ಆರು ತಿಂಗಳು ಹತ್ತೊಂಬತ್ತು ವರ್ಷಗಳಾದವು! ಬಳಸುವ ಯಂತ್ರ ಯಾವುದೇ ಆದರೂ ಭಾಷೆಯ ನಿಯಮ ಒಂದೇ ಆಗಿರಬೇಕೆಂದು ಅವರು ಶ್ರಮಿಸಿದರು. ವಿದ್ಯುತ್ ಸಂಕೇತವು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ಸಾಗಬಹುದಾದ ಗರಿಷ್ಠ ದೂರವನ್ನು ತೋರಿಸಲು, ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಕೇಳುಗರಿಗೆ ಹಂಚುತ್ತಿದ್ದರು. ಹಳೆಯ ರೂಢಿಯನ್ನು ಪ್ರಶ್ನಿಸಬಹುದೆಂಬುದನ್ನು ನೆನಪಿಸಲು ತಮ್ಮ ಕೊಠಡಿಯಲ್ಲಿ ಹಿಮ್ಮುಖವಾಗಿ ಸುತ್ತುವ ಗಡಿಯಾರವನ್ನು ತೂಗುಹಾಕಿದ್ದರು. 1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾದರು. 1992ರ ಜನವರಿ 1ರಂದು ನಿಧನರಾದರು. 2016ರಲ್ಲಿ ಅಮೆರಿಕ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಎಂಬ ಉನ್ನತ ಗೌರವವನ್ನಿತ್ತಿತು.

ಇಂದು ಆ್ಯಪ್ ರಚಿಸುವ ತರುಣ ತರುಣಿಯರು ಪ್ರತಿಯೊಂದು ಆದೇಶವನ್ನೂ ಮೊದಲಿನಿಂದ ಬರೆಯುವುದಿಲ್ಲ. ಇತರರು ಬರೆದು ಪರೀಕ್ಷಿಸಿದ ತುಣುಕುಗಳನ್ನು ಹೆಸರು ಹೇಳಿ ಕರೆಯುತ್ತಾರೆ. ಉಳಿದುದನ್ನು ಕಂಪೈಲರ್ ನೋಡಿಕೊಳ್ಳುತ್ತದೆ. ಮನುಷ್ಯನು ತಪ್ಪುವುದು ಸಹಜ. ಅದನ್ನು ಒಪ್ಪಿಕೊಂಡು, ಆ ತಪ್ಪಿಗೆ ಎಡೆಯಿಲ್ಲದಂತಹ ಸಾಧನವನ್ನು ನಿರ್ಮಿಸುವುದೇ ಜಾಣತನ. ಗಡಿಯಾರಗಳನ್ನು ಬಿಚ್ಚಿ ನೋಡಿದ ಆ ಬಾಲಕಿಯು ತನ್ನ ಜೀವನದಿಂದ ನಮಗೆ ಕಲಿಸಿದ ಪಾಠವಿದು.