ಹೆಸರಿಟ್ಟು ಎಣಿಸಿದ ವಿಲಿಯಂ ಫಾರ್

ಕೋವಿಡ್ ಬಂದಾಗ ನಾವೆಲ್ಲ ಹೈಸ್ಕೂಲ್. ದಿನಾ ಸಂಜೆ ಟಿವಿಲಿ ಸಾವಿನ ಲೆಕ್ಕ ನೋಡ್ತಿದ್ವಿ. ಹೀಗೆ ಲೆಕ್ಕ ಇಡೋದನ್ನ ಕಲಿಸಿದವರಲ್ಲಿ ವಿಲಿಯಂ ಫಾರ್ ಒಬ್ಬರು ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ.

ಹುಟ್ಟಿದ್ದು 1807ರಲ್ಲಿ, ಇಂಗ್ಲೆಂಡಿನ ಕೆನ್ಲಿ ಅನ್ನೋ ಹಳ್ಳಿಯ ಬಡ ಮನೆಯಲ್ಲಿ. ಪ್ಯಾರಿಸ್‌ನಲ್ಲಿ ವೈದ್ಯಕೀಯ ಓದಿದರು, ಕೊನೆಗೆ ಸೇರಿದ್ದು ಲಂಡನ್ನಿನ ಜನನ-ಮರಣ ನೋಂದಣಿ ಕಚೇರಿ. ಅಲ್ಲಿಯ ಮರಣದ ದಾಖಲೆಗಳಲ್ಲಿ ಒಂದೇ ಕಾಯಿಲೆಗೆ ಮೂರ್ನಾಲ್ಕು ಹೆಸರು, ಬೇರೆ ಬೇರೆ ಕಾಯಿಲೆಗೆ ಒಂದೇ ಹೆಸರು. ಥೇಟ್ ನಮ್ಮ ಲ್ಯಾಬ್ ಪ್ರೋಗ್ರಾಂನ ವೇರಿಯೆಬಲ್‌ಗಳ ಹಾಗೆ! ಫಾರ್ ಕೂತು ಕಾಯಿಲೆಗಳನ್ನ ಗುಂಪು ಮಾಡಿ ಪಟ್ಟಿ ಹಾಕಿದರು.

1847ರ ಕೊನೆಗೆ ಲಂಡನ್ನಿಗೆ ಇನ್‌ಫ್ಲುಯೆಂಜಾ ಬಂತು. ಆ ಹೆಸರಲ್ಲಿ ಬರೆದ ಸಾವು ಕಡಿಮೆಯೇ. ಆದರೆ ಅದೇ ವಾರಗಳಲ್ಲಿ ಬ್ರಾಂಕೈಟಿಸ್, ನ್ಯುಮೋನಿಯಾ, ಆಸ್ತಮಾ ಸಾವುಗಳೂ ಏರಿದ್ದವು. ಫಾರ್ ಹೆಸರುಗಳನ್ನ ಪಕ್ಕಕ್ಕಿಟ್ಟು, ಒಟ್ಟು ಸಾವಿನಿಂದ ಮಾಮೂಲಿ ದಿನಗಳ ಸಾವನ್ನ ಕಳೆದರು. ಬರೀ ಒಂದು ಕಳೆಯೋ ಲೆಕ್ಕ. ಬೇರೆ ಹೆಸರುಗಳಡಿ ಅಡಗಿದ್ದವರೆಲ್ಲ ಹೊರಗೆ ಬಂದರು. ಕೋವಿಡ್‌ನಲ್ಲಿ ಹೆಚ್ಚುವರಿ ಸಾವು ಹುಡುಕಿದ್ದೂ ಹೀಗೇ.

ಅವರೂ ತಪ್ಪಿದ್ದಾರೆ. ಕಾಲರಾ ಕೆಟ್ಟ ಗಾಳಿಯಿಂದ ಅಂತ ಬಹಳ ವರ್ಷ ನಂಬಿದ್ದರು. 1866ರಲ್ಲಿ ತಮ್ಮದೇ ಅಂಕಿಗಳು ನೀರಿನ ಕಡೆ ಕೈ ತೋರಿಸಿದಾಗ ಒಪ್ಪಿಕೊಂಡರು. ನಮಗೆ ತುಂಬಾ ಹಿಡಿಸಿದ್ದು ಇದು.

ದಶಕಗಳು ದುಡಿದರೂ ಕಚೇರಿಯ ಮುಖ್ಯಸ್ಥರ ಹುದ್ದೆ ಅವರಿಗೆ ಸಿಗಲಿಲ್ಲ. 1883ರಲ್ಲಿ ತೀರಿಕೊಂಡರು. 1893ರಲ್ಲಿ ಬಂದ ಸಾವಿನ ಕಾರಣಗಳ ಅಂತರರಾಷ್ಟ್ರೀಯ ಪಟ್ಟಿ ಹಿಡಿದದ್ದು ಫಾರ್ ತೋರಿಸಿದ ದಾರಿಯನ್ನೇ. ಅದೇ ಬೆಳೆದು ಇವತ್ತಿನ ಐಸಿಡಿ ಆಯ್ತು. ಅದರ ಹತ್ತನೇ ಆವೃತ್ತಿಯಲ್ಲಿ ಕೋವಿಡ್‌ನ ಕೋಡ್ ಯು07.1.