ಲೆಕ್ಕದ ಪುಸ್ತಕದಿಂದ ಪಾರ್ಲಿಮೆಂಟಿಗೆ: ದಾದಾಭಾಯಿ ನೌರೋಜಿ

ಸಮಾಜ ವಿಜ್ಞಾನದ ಪಾಠದಲ್ಲಿ ದಾದಾಭಾಯಿ ನೌರೋಜಿಯವರ ಹೆಸರಿನೊಡನೆ ಸಂಪತ್ತಿನ ಸೋರಿಕೆಯ ಸಿದ್ಧಾಂತ ಎಂಬ ಮಾತು ಬರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆ ಸಿದ್ಧಾಂತದ ಹಿಂದೆ ಒಬ್ಬ ಹತ್ತಿ ವರ್ತಕನಿದ್ದನೆಂಬುದನ್ನು ನಾವು ಮಕ್ಕಳಿಗೆ ಹೇಳುವುದು ಅಪರೂಪ.

1825ರಲ್ಲಿ ಬಡ ಪಾರ್ಸಿ ಪುರೋಹಿತ ಮನೆತನದಲ್ಲಿ ಹುಟ್ಟಿದ ಅವರು ನಾಲ್ಕನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಅಕ್ಷರ ಬಾರದ ತಾಯಿ ಮಾಣಿಕ್‌ಬಾಯಿ ಮಗನನ್ನು ಓದಿಸಿದರು. ಮುಂಬಯಿಯಲ್ಲಿ ಶುಲ್ಕವಿಲ್ಲದ ಶಾಲೆಯೊಂದು ಇದ್ದುದರಿಂದ ಅದು ಸಾಧ್ಯವಾಯಿತು. ಆ ಋಣವನ್ನು ಅವರು ಮರೆಯಲಿಲ್ಲ. 1849ರಲ್ಲಿ ಗೆಳೆಯರೊಡಗೂಡಿ ಹೆಣ್ಣುಮಕ್ಕಳಿಗೆ ಶಾಲೆಗಳನ್ನು ತೆರೆದು, ಸಂಬಳವಿಲ್ಲದೆ ಪಾಠ ಹೇಳಿದರು. ಅವು ಗುಜರಾತಿ, ಮರಾಠಿ ಶಾಲೆಗಳು. ಮನೆಯ ಮಾತಿನಲ್ಲೇ ವಿದ್ಯೆ ಆರಂಭವಾಗಲೆಂಬ ನಮ್ಮಂಥವರಿಗೆ ಇದು ಹಿತವಾದ ಸುದ್ದಿ.

ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು 1855ರಲ್ಲಿ ಕಾಮಾ ಕಂಪನಿಯ ಪಾಲುದಾರರಾಗಿ ಇಂಗ್ಲೆಂಡಿಗೆ ತೆರಳಿದರು. ಅಫೀಮು, ಮದ್ಯಗಳ ಲಾಭ ತಮಗೆ ಬೇಡವೆಂದು ಆ ಪಾಲುದಾರಿಕೆಯನ್ನು ತೊರೆದರು; 1859ರಲ್ಲಿ ಹತ್ತಿ ವ್ಯಾಪಾರಕ್ಕೆ ಸ್ವಂತ ಸಂಸ್ಥೆ ಕಟ್ಟಿದರು.

ವರ್ತಕನಿಗೆ ಒಂದು ನಿಯಮ ಚೆನ್ನಾಗಿ ಗೊತ್ತು: ಕಳುಹಿಸಿದ ಸರಕು ತರಿಸಿಕೊಂಡದ್ದಕ್ಕಿಂತ ಹೆಚ್ಚಾದರೆ, ಮಿಕ್ಕ ಹಣ ಮನೆಗೆ ಬರಬೇಕು. ಭಾರತ ವರ್ಷವರ್ಷವೂ ಹೆಚ್ಚು ರಫ್ತು ಮಾಡುತ್ತಿತ್ತು, ಆದರೆ ಆ ಬಾಕಿ ಹಿಂದಿರುಗುತ್ತಿರಲಿಲ್ಲ. ಅಧಿಕಾರಿಗಳ ಉಳಿತಾಯ, ನಿವೃತ್ತಿ ವೇತನ, ಲಂಡನ್ನಿನ ಆಡಳಿತ ವೆಚ್ಚ ಎಂದು ಅದು ಅಲ್ಲೇ ಉಳಿಯುತ್ತಿತ್ತು. ಸರ್ಕಾರದ ಅಂಕಿಅಂಶಗಳನ್ನೇ ಕೂಡಿಸಿ ಕಳೆದು, ಭಾರತೀಯನೊಬ್ಬನ ಸರಾಸರಿ ವಾರ್ಷಿಕ ಆದಾಯ ಸುಮಾರು 20 ರೂಪಾಯಿ ಮಾತ್ರವೆಂದು ಅವರು ತೋರಿಸಿದರು. ಆಳುವವರ ಲೆಕ್ಕದಿಂದಲೇ ಆಳುವವರನ್ನು ಕಟ್ಟಿಹಾಕಿದ ಈ ಜಾಣ್ಮೆಯೇ ಅವರ ದೊಡ್ಡ ಸಾಧನೆಯೆಂದು ನಾವು ಭಾವಿಸುತ್ತೇವೆ.

ಈ ಲೆಕ್ಕವನ್ನು ಪಾರ್ಲಿಮೆಂಟಿನಲ್ಲೇ ಒಪ್ಪಿಸಬೇಕೆಂದು 1886ರಲ್ಲಿ ಚುನಾವಣೆಗೆ ನಿಂತು ಸೋತರು. ಕಪ್ಪು ಮನುಷ್ಯನನ್ನು ಆಂಗ್ಲ ಮತದಾರರು ಆರಿಸಲಾರರೆಂದು ಪ್ರಧಾನಿ ಸ್ಯಾಲಿಸ್‌ಬರಿ ಬಹಿರಂಗವಾಗಿಯೇ ಹಂಗಿಸಿದರು. 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಮತದಾರರು ಅವರನ್ನು ಆರಿಸಿದರು! ಗೆಲುವಿನ ಅಂತರ ಒಂದು ಕೈಯ ಬೆರಳುಗಳನ್ನು ಮೀರಲಿಲ್ಲ. ನೌರೋಜಿ ಎಂಬ ಹೆಸರನ್ನೇ ‘ನ್ಯಾರೋ ಮೆಜಾರಿಟಿ’ ಎಂದು ತಿರುಚಿ ಜನ ನಕ್ಕರು. ಅವರು ಅವೆಸ್ತಾ ಗ್ರಂಥ ಹಿಡಿದು ಪ್ರಮಾಣವಚನ ಸ್ವೀಕರಿಸಿದರು. ಐ.ಸಿ.ಎಸ್. ಪರೀಕ್ಷೆ ಭಾರತದಲ್ಲೂ ನಡೆಯಲೆಂಬ ನಿರ್ಣಯ ಮರುವರ್ಷ ಅಂಗೀಕಾರವಾಯಿತಾದರೂ ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. 1895ರಲ್ಲಿ ಆ ಸ್ಥಾನವೂ ಕೈತಪ್ಪಿತು.

ಲೆಕ್ಕ ತೋರಿಸಿದರೆ ಆಂಗ್ಲರು ನ್ಯಾಯ ಕೊಡುವರೆಂಬ ನಂಬಿಕೆ ಸವೆಯಲು ಬಹುಕಾಲ ಹಿಡಿಯಿತು. 1906ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದಾಗ ಅವರಿಗೆ 81 ವರ್ಷ. ಧ್ವನಿ ಕುಗ್ಗಿತ್ತು, ಭಾಷಣದ ಬಹುಭಾಗವನ್ನು ಗೋಖಲೆಯವರು ಓದಿದರು. ಅದರಲ್ಲಿ ಕೇಳಿದ್ದು ಸ್ವರಾಜ್ಯವನ್ನು.