ಎರಡು ಊರಿಗೆ ಒಂದೇ ನೀರು: ದಿವಾನ್ ಶೇಷಾದ್ರಿ ಅಯ್ಯರ್

ರಾಜ್ಯೋತ್ಸವದ ದಿನ ನಾವು ನಾಡಿನ ಹಿರಿಯರನ್ನು ನೆನೆಯುತ್ತೇವೆ. ಕನ್ನಡ ನಾಡಿನಲ್ಲಿ ಹುಟ್ಟದಿದ್ದರೂ ಅದಕ್ಕಾಗಿ ದುಡಿದು ಮಡಿದವರನ್ನೂ ಅಂದು ನೆನೆಯುವುದು ನಮ್ಮ ಧರ್ಮ. ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅಂಥವರಲ್ಲಿ ಅಗ್ರಗಣ್ಯರು. ನಾವು ಹೊಟ್ಟೆಪಾಡಿಗಾಗಿ ಬಂದು ನೆಲಸಿರುವ ಈ ಚೆನ್ನೈಯಿಂದಲೇ ಅವರು ಮೈಸೂರಿಗೆ ಹೋದವರು ಎಂಬುದು ನಮಗೆ ಇನ್ನಷ್ಟು ಆತ್ಮೀಯವಾದ ಸಂಗತಿ.

ಶೇಷಾದ್ರಿ ಅಯ್ಯರ್ ಅವರು 1845ರಲ್ಲಿ ಪಾಲಕ್ಕಾಡಿನಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1868ರಲ್ಲಿ ಪದವೀಧರರಾದರು. ಅದೇ ವರ್ಷ ಮೈಸೂರು ಸರ್ಕಾರದ ಸೇವೆಗೆ ಸೇರಿ, ಹಂತಹಂತವಾಗಿ ಮೇಲೇರಿ, ರಂಗಾಚಾರ್ಲು ಅವರ ನಿಧನಾನಂತರ 1883ರಲ್ಲಿ ದಿವಾನರಾದರು. ಹದಿನೆಂಟು ವರ್ಷಗಳ ದೀರ್ಘಕಾಲ ಆ ಭಾರವನ್ನು ಹೊತ್ತರು.

ಅಂದಿನ ಬೆಂಗಳೂರು ಹೆಸರಿಗೆ ಒಂದು ಊರು, ಆಡಳಿತದಲ್ಲಿ ಎರಡು. ಒಂದು ಕಡೆ ಹಳೆಯ ಪೇಟೆ, ಇನ್ನೊಂದು ಕಡೆ 1809ರಲ್ಲಿ ನೆಲೆಗೊಂಡ ದಂಡು. 1862ರಿಂದಲೂ ಎರಡಕ್ಕೂ ಬೇರೆಬೇರೆ ಪುರಸಭೆಗಳು. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗಲೂ ದಂಡು ಮಾತ್ರ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿಯೇ ಉಳಿಯಿತು. ತೆರಿಗೆ ಬೇರೆ, ಪೊಲೀಸು ಬೇರೆ, ಕಾನೂನು ಬೇರೆ. ಆದರೆ ಬಾಯಾರಿಕೆ ಒಂದೇ! ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು ಮಳೆ ಕೈಕೊಟ್ಟ ವರ್ಷ ತಳ ಕಾಣುತ್ತಿದ್ದವು. 1876ರಿಂದ 1878ರವರೆಗಿನ ಭೀಕರ ಕ್ಷಾಮವನ್ನು ಕಂಡ ಜನರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಪೇಟೆ ತನ್ನ ಕೆರೆಯನ್ನೂ ದಂಡು ತನ್ನ ಕೆರೆಯನ್ನೂ ನೋಡಿಕೊಂಡು ಕೂತರೆ ಎರಡಕ್ಕೂ ಉಳಿವಿಲ್ಲವೆಂಬುದು ಸ್ಪಷ್ಟವಾಗಿತ್ತು. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಅರ್ಕಾವತಿಯ ಹೆಸರಘಟ್ಟದ ಹಳೆಯ ಕೆರೆಯನ್ನು ಹೊಸದಾಗಿ ಕಟ್ಟಲಾಯಿತು. ಅಲ್ಲಿಂದ ಬಂದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಮೇಲಕ್ಕೆತ್ತಿದವು. 1896ರಲ್ಲಿ ಪೇಟೆಗೂ ದಂಡಿಗೂ ಒಂದೇ ಜಲಾಶಯದ ನೀರು ಕೊಳವೆಗಳಲ್ಲಿ ಹರಿಯಿತು. 1894ರಲ್ಲಿ ಅಕಾಲ ಮರಣ ಹೊಂದಿದ ಮಹಾರಾಜರ ಹೆಸರನ್ನೇ ಆ ಕಾರ್ಯ ಹೊತ್ತಿತು. ಗಡಿಕಲ್ಲನ್ನು ಕೀಳದೆಯೇ, ಅದರ ಎರಡೂ ಬದಿಯವರು ಒಂದೇ ನೀರು ಕುಡಿಯುವಂತಾದುದು ಸಣ್ಣ ಕೆಲಸವಲ್ಲ.

ನೀರು ಬಂದ ಎರಡೇ ವರ್ಷಗಳಲ್ಲಿ, 1898ರಲ್ಲಿ, ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯ ಓಣಿಗಳಲ್ಲಿ ಸಾವಿರಾರು ಜನ ಸತ್ತರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ದುಃಖದಲ್ಲಿ. ಮನೆಗೆ ಮೊದಲು ಬೀದಿ, ಬೀದಿಯ ಜೊತೆಗೆ ಚರಂಡಿ ಎಂಬ ಕ್ರಮದಲ್ಲಿ ಆ ಬಡಾವಣೆಗಳನ್ನು ಹಾಕಲಾಯಿತು. ಊರು ಎತ್ತ ಬೆಳೆಯಬೇಕೆಂದು ಮೊದಲೇ ಗೆರೆ ಎಳೆಯುವ ವಿವೇಕ ಅದರಲ್ಲಿತ್ತು. ಆದರೆ ಆ ವಿವೇಕಕ್ಕೆ ತೆತ್ತ ಬೆಲೆ ದೊಡ್ಡದು.

ಶಿವನಸಮುದ್ರದ ವಿದ್ಯುತ್ ಯೋಜನೆಯೂ ಅವರ ಕಾಲದಲ್ಲಿಯೇ ಆರಂಭವಾಯಿತು. 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ವಿದ್ಯುತ್ತು ಬಂತು. ಅದನ್ನು ನೋಡಲು ಅವರಿರಲಿಲ್ಲ. ಅನಾರೋಗ್ಯದಿಂದ 1901ರಲ್ಲಿ ನಿವೃತ್ತರಾಗಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಣ್ಮುಚ್ಚಿದರು.

ಅವರನ್ನು ದೂರಿದವರೂ ಇದ್ದರು. ಮದರಾಸಿನವರಿಗೇ ಹುದ್ದೆಗಳನ್ನು ಹಂಚಿದರೆಂಬ ಅಸಮಾಧಾನ ಮೈಸೂರಿನಲ್ಲಿ ಬಲವಾಗಿತ್ತು. ಅವರ ಕಾಲದ 1892ರ ಕಾವೇರಿ ಒಪ್ಪಂದ ಮೈಸೂರಿನ ಕೈ ಕಟ್ಟಿತೆಂದು ಮುಂದೆ ಅನೇಕರು ನೊಂದರು. ಈ ದೂರುಗಳನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಪರಸ್ಥಳದಲ್ಲಿ ಬಾಳುತ್ತಿರುವ ನಮಗೆ ಸ್ಥಳೀಯರ ಅಳಲೂ ಹೊರಗಿನವನ ದುಡಿಮೆಯೂ ಎರಡೂ ಅರ್ಥವಾಗುತ್ತವೆ.

ಹೆಸರಘಟ್ಟವೂ ಶಾಶ್ವತವಾಗಿ ಸಾಲಲಿಲ್ಲ. 1920ರ ದಶಕದಲ್ಲಿ ಅದು ಬತ್ತಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಗೆ, 1974ರಲ್ಲಿ ಕಾವೇರಿಗೆ ಕೈಚಾಚಬೇಕಾಯಿತು. ನಲ್ಲಿಯಲ್ಲಿ 1896ರಲ್ಲಿಯೇ ಒಂದಾದ ಪೇಟೆ ಮತ್ತು ದಂಡು ಕಾಗದದ ಮೇಲೆ ಒಂದೇ ಕಾರ್ಪೊರೇಷನ್ ಆಗಲು 1949ರವರೆಗೆ ಕಾಯಬೇಕಾಯಿತು.

ನಮ್ಮ ಚೆನ್ನೈಯಲ್ಲಿ 2011ರಲ್ಲಿ ಸುತ್ತಲಿನ 42 ಸ್ಥಳೀಯ ಸಂಸ್ಥೆಗಳು ಕಾರ್ಪೊರೇಷನ್ನಿಗೆ ಸೇರಿ, ಅದರ ವಿಸ್ತಾರ 174 ಚದರ ಕಿಲೋಮೀಟರಿನಿಂದ 426ಕ್ಕೆ ಏರಿತು. ಇಲ್ಲಿ ಗಡಿ ಮೊದಲು ಹೋಯಿತು. ಎಷ್ಟೋ ಬೀದಿಗಳಲ್ಲಿ ಕೊಳವೆ ಬಹಳ ಹಿಂದೆ ಉಳಿಯಿತು. ನೀರಿನ ಲಾರಿಯ ಮುಂದೆ ಕೊಡ ಹಿಡಿದು ನಿಂತ ತಾಯಂದಿರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಊರು ಬೆಳೆಯುವ ಮೊದಲು ನೆರೆಹೊರೆಯ ಆಡಳಿತಗಳು ಒಟ್ಟಿಗೆ ಕುಳಿತು ನೀರಿನ ಲೆಕ್ಕ ಹಾಕಬೇಕು.

ಬೆಂಗಳೂರಿಗೆ ಹೋದಾಗ ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯ ಮುಂದೆ ಒಂದು ಗಳಿಗೆ ನಿಲ್ಲೋಣ. ಮಕ್ಕಳು ಯಾರಿವರೆಂದು ಕೇಳಿದರೆ, ನಮ್ಮ ಈ ಊರಿನಲ್ಲಿ ಓದಿ, ಆ ನಾಡಿಗೆ ನೀರು ಕೊಟ್ಟವರು ಎಂದು ಹೇಳೋಣ.